ಮರಳಿನ ಮೂಟೆ ಮತ್ತು ಮನೆ ಅಳಿಯ

ಎಲ್ಡನ್ ಜಿಮರ್ಸನ್‌ಗೆ ನಲವತ್ತೊಂದನೇ ವಯಸ್ಸಿನಲ್ಲಿ ಒಂದು ಪ್ರಮಾಣಪತ್ರ ಸಿಕ್ಕಿತು. ಅಲ್ಲಿಯವರೆಗೆ ಅವನ ಬಾಳಿನಲ್ಲಿ ಹೇಳಿಕೊಳ್ಳುವಂಥ ತೊಂದರೆ ಏನೂ ಇರಲಿಲ್ಲ.

ಅಮೆರಿಕದ ಮೂಲನಿವಾಸಿಗಳಾದ ಸೆನೆಕಾ ಜನರ ಕ್ಯಾಟರಾಗಸ್ ಸೀಮೆಯಲ್ಲಿ ಅವನು ಹನ್ನೆರಡು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದ. ಸಂಜೆಯ ಹೊತ್ತು ಹದಿಮೂರರೊಳಗಿನ ಹುಡುಗರ ಲಕ್ರಾಸ್, ಅಂದರೆ ತುದಿಗೆ ಜಾಳಿಗೆ ಕಟ್ಟಿದ ಕೋಲಿನಿಂದ ಚೆಂಡು ಎಸೆದು ಹಿಡಿಯುವ ಆಟದ, ತಂಡಕ್ಕೆ ಉಪ ತರಬೇತುದಾರ. ಉಪ ಎಂದರೆ ನೀರಿನ ಬಾಟಲಿ ತುಂಬುವುದು, ಅಂಗಣದಾಚೆ ಹಾರಿದ ಚೆಂಡುಗಳನ್ನು ಪೊದೆಯಿಂದ ಹೆಕ್ಕಿ ತರುವುದು, ಯಾರಿಗಾದರೂ ಕೋಲಿನ ಪೆಟ್ಟು ಬಿದ್ದರೆ ಮಂಜುಗಡ್ಡೆ ಒತ್ತಿ ಹಿಡಿಯುವುದು. ಈ ಮೂರು ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಊರೇ ಒಪ್ಪಿತ್ತು. ಆದರೆ ಆ ವಸಂತದಲ್ಲಿ ಮುಖ್ಯ ತರಬೇತುದಾರ ರಸೆಲ್ ಉಕ್ಕಿನ ಕಟ್ಟಡ ಕಟ್ಟುವ ಕೆಲಸಕ್ಕೆ ನ್ಯೂಯಾರ್ಕ್ ನಗರಕ್ಕೆ ಹೊರಟ. ಹೋಗುವ ಮುಂಚೆ ಸೀಟಿಯನ್ನು ಎಲ್ಡನ್‌ನ ಕೈಯಲ್ಲಿಟ್ಟು, "ನೋಡು, ಏನೂ ಮಾಡಬೇಡ. ಹುಡುಗರು ತಾವೇ ಆಡ್ತಾರೆ. ನೀನು ಸುಮ್ನೆ ನಿಂತಿರು ಸಾಕು" ಎಂದ. ಇಷ್ಟು ಸ್ಪಷ್ಟವಾದ ಬುದ್ಧಿಮಾತನ್ನು ಯಾರಾದರೂ ಪಾಲಿಸಿದ ಉದಾಹರಣೆ ಲೋಕದಲ್ಲಿಲ್ಲ.

ಎಲ್ಡನ್ ನೇರವಾಗಿ ಬಫಲೋ ನಗರಕ್ಕೆ ಹೋಗಿ, ಎಳೆಯ ಆಟಗಾರರ ಮೈಬಲ ಹೆಚ್ಚಿಸುವ ಎರಡು ದಿನದ ಶಿಬಿರಕ್ಕೆ ಸೇರಿಕೊಂಡ. ಮೊದಲ ದಿನ ಕಣ್ಣರಳಿಸಿ ಕೇಳಿದ. ಎರಡನೇ ದಿನ ಊಟವಾದ ಮೇಲೆ ಅವನಿಗೆ ಜೋರು ನಿದ್ದೆ ಹತ್ತಿತು. ಮುಂದೆ ನಡೆದ ಅನಾಹುತವನ್ನು ನೋಡಿದರೆ, ಮೈಬಲವನ್ನೂ ಕೈಚಳಕವನ್ನೂ ಹದವಾಗಿ ಬೆರೆಸುವುದು ಹೇಗೆ ಎಂಬ ಪಾಠ ಆ ನಿದ್ದೆಯ ಹೊತ್ತಿನಲ್ಲೇ ನಡೆದಿರಬೇಕು. ನಿದ್ದೆ ಮಾಡಿದವರಿಗೂ ಎಚ್ಚರವಿದ್ದವರಿಗೂ ಪ್ರಮಾಣಪತ್ರ ಒಂದೇ ತರದ್ದು ಕೊಟ್ಟರು.

ಅದಕ್ಕೆ ಚೌಕಟ್ಟು ಹಾಕಿಸಿ ಅಡುಗೆಮನೆಯಲ್ಲಿ ತೂಗುಹಾಕಿದ. ಅಡುಗೆಮನೆ ಅವನದಲ್ಲ, ಅವನ ಅತ್ತೆ ಅಲ್ಬರ್ಟಾ ಸ್ನೋ ಅವರದು. ಸೆನೆಕಾ ಜನರಲ್ಲಿ ಮನೆ ಹೆಂಗಸರದು, ಮಕ್ಕಳಿಗೂ ತಾಯಿಯ ಕುಲ. ಗಂಡ ಎನ್ನುವವನು ಎಷ್ಟು ವರ್ಷ ಉಂಡು ಮಲಗಿದರೂ ಮನೆ ಅಳಿಯನೇ. ಅವನು ಬೇಡವಾದ ದಿನ ಕೋರ್ಟು ಕಚೇರಿ ಅಲೆಯುವ ಗೋಜಿಲ್ಲ, ಅವನ ಸಾಮಾನನ್ನೆಲ್ಲ ತಂದು ಜಗುಲಿಯ ಮೇಲೆ ಇಟ್ಟುಬಿಟ್ಟರೆ ಮುಗಿಯಿತು. ಇದೆಲ್ಲ ಹಳೆಯ ಪದ್ಧತಿ, ಈಗ ಯಾರೂ ಪಾಲಿಸುವುದಿಲ್ಲ ಎಂದು ಜನ ಹೇಳುತ್ತಾರೆ. ಅಲ್ಬರ್ಟಾ ತಮ್ಮ ಮೂವರು ಅಳಿಯಂದಿರಲ್ಲಿ ಇಬ್ಬರ ವಿಷಯದಲ್ಲಿ ಪಾಲಿಸಿದ್ದರು.

ಉಳಿದಿದ್ದ ಒಬ್ಬನೇ ಅಳಿಯ ಮೊಳೆ ಹೊಡೆಯುವುದನ್ನು ಅವರು ಸೂಪು ಕಲಕುತ್ತಾ ನೋಡಿದರು.

"ಅದರಲ್ಲಿ ಏನು ಬರೆದಿದೆ?"

"ನಾನು ಬಲ ತರಬೇತುದಾರ ಅಂತ ಅತ್ತೆ."

"ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆಯೋಕೆ ರೋಂಡಾನ ಕರೀತೀಯಲ್ಲ, ಅದೂ ಬರೆದಿದೆಯಾ?"

ರೋಂಡಾ ಎಂದರೆ ಅವನ ಹೆಂಡತಿ. ಅವಳು ಮುಖ ತಿರುಗಿಸಿಕೊಂಡು ನಕ್ಕಳು.

ಸೋಮವಾರ ತರಬೇತಿ ಶುರುವಾಯಿತು. ಎಲ್ಡನ್ ಹತ್ತು ಮರಳಿನ ಮೂಟೆ ಹೊಲಿಸಿದ್ದ. ಹುಡುಗರು ಇಪ್ಪತ್ತು ಮಂದಿ. ಹೀಗಾಗಿ ಅರ್ಧ ಹುಡುಗರು ಮೂರು ವಾರ ಮೂಟೆ ಹೊರಲಿ, ಇನ್ನರ್ಧ ಮೂರು ವಾರ ಕೋಲಿನ ಅಭ್ಯಾಸ ಮಾಡಲಿ, ಆಮೇಲೆ ಅದಲು ಬದಲು ಎಂದು ಲೆಕ್ಕ ಹಾಕಿದ. ಯಾವ ಅರ್ಧ ಎಂಬುದೊಂದೇ ಪ್ರಶ್ನೆ. ಶಾಲೆ ಬಿಟ್ಟ ಮೇಲೆ ತಂಡವನ್ನು ಬಸ್ಸಿನಲ್ಲಿ ಅಂಗಣಕ್ಕೆ ಕರೆದೊಯ್ಯುತ್ತಾ ಕನ್ನಡಿ ನೋಡಿದ. ಬಾಗಿಲ ಕಡೆಯ ಸೀಟುಗಳಲ್ಲಿ ಹತ್ತು ತಲೆ, ತನ್ನ ಹಿಂದಿನ ಸೀಟುಗಳಲ್ಲಿ ಹತ್ತು ತಲೆ. ಇದಕ್ಕಿಂತ ನಿಷ್ಪಕ್ಷಪಾತವಾದ ನ್ಯಾಯ ಎಲ್ಲಿ ಸಿಗಬೇಕು? ನಿಲುಗಡೆಯ ಫಲಕದ ಹತ್ತಿರ ಬಸ್ಸು ನಿಲ್ಲಿಸಿ ಎದ್ದು ನಿಂತ.

"ಕೇಳ್ರಪ್ಪಾ! ಬಾಗಿಲ ಕಡೆ ಕೂತಿರೋರು ಇವತ್ತಿಂದ ಬರೀ ಮೂಟೆ. ಕೋಲು ಮುಟ್ಟಬಾರದು. ನನ್ನ ಹಿಂದೆ ಕೂತಿರೋರು ಬರೀ ಕೋಲು. ಮೂಟೆ ಮುಟ್ಟಬಾರದು."

ಮೂರು ವಾರದ ಮೇಲೆ ಅದಲು ಬದಲು ಎನ್ನುವಷ್ಟರಲ್ಲಿ ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಎಲ್ಡನ್ ಗಡಬಡಿಸಿ ಸೀಟಿಗೆ ಹಾರಿ ಗೇರು ಹಾಕಿದ. ಆ ಒಂದು ಮಾತು ಅವನ ಬಾಯಲ್ಲೇ ಉಳಿದುಹೋಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಸೆನೆಕಾ ಜನರಲ್ಲಿ ಎಂಟು ಕುಲ. ತೋಳ, ಕರಡಿ, ಆಮೆ ಮೊದಲಾದ ನಾಲ್ಕು ಕುಲ ಒಂದು ಪಕ್ಕ, ಗಿಡುಗ, ಜಿಂಕೆ ಮೊದಲಾದ ನಾಲ್ಕು ಇನ್ನೊಂದು ಪಕ್ಕ. ಹಬ್ಬಕ್ಕಾಗಲಿ ಸಾವಿಗಾಗಲಿ ಜನ ಸೇರಿದರೆ ಈ ಪಕ್ಕ ಇಲ್ಲಿ, ಆ ಪಕ್ಕ ಎದುರಿಗೆ. ಮಕ್ಕಳು ಬಸ್ಸಿನಲ್ಲಿ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳ ಜೊತೆ ಕೂರುತ್ತಾರೆ, ಅವರೆಲ್ಲ ಒಂದೇ ಕುಲ, ಅವರ ಹಿಂದೆ ಅದೇ ಪಕ್ಕದ ನೆಂಟರು. ಯಾರೂ ಹೇಳಿಕೊಡದೆ, ಬಾಗಿಲ ಕಡೆ ಪೂರ್ತಿ ತೋಳದ ಪಕ್ಕ, ಚಾಲಕನ ಹಿಂದೆ ಪೂರ್ತಿ ಗಿಡುಗದ ಪಕ್ಕ. ಇದು ಬಸ್ಸಿನಲ್ಲಿ ಒಂದು ಸಲ ಕೂತ ಯಾರಿಗಾದರೂ ಗೊತ್ತು. ಎಲ್ಡನ್ ಹನ್ನೆರಡು ವರ್ಷ ಕನ್ನಡಿಯಲ್ಲಿ ನೋಡಿದ್ದು ಯಾರು ನಿಂತಿದ್ದಾರೆ ಎಂಬುದನ್ನು ಮಾತ್ರ, ಯಾರು ಎಲ್ಲಿ ಕೂತಿದ್ದಾರೆ ಎಂಬುದನ್ನಲ್ಲ.

ಮರುದಿನ ಬೆಳಿಗ್ಗೆ ಅಲ್ಬರ್ಟಾ ಕಾಫಿ ಮುಂದಿಟ್ಟು ಎದುರಿನ ಕುರ್ಚಿ ಎಳೆದುಕೊಂಡರು.

"ಅಳಿಯಂದಿರೇ, ಕೂತ್ಕೊಳ್ಳಿ."

ಅತ್ತೆ ಬಹುವಚನಕ್ಕೆ ಏರಿದರೆಂದರೆ ಬಿರುಗಾಳಿ ಬರುತ್ತದೆ ಎಂಬುದು ಎಲ್ಡನ್‌ಗೆ ಗೊತ್ತಿತ್ತು. ಕೂತ.

"ನಮ್ಮ ತೋಳದ ಪಕ್ಕದ ಹುಡುಗರು ಕೋಲು ಮುಟ್ಟಬಾರದಂತೆ?"

"ಹಾಗಲ್ಲ ಅತ್ತೆ, ಅವರಿಗೆ ಮೂಟೆ..."

"ಹತ್ತಕ್ಕೆ ಹತ್ತೂ ನಮ್ಮವರೇ ಮೂಟೆ ಹೊರೋರು. ಹತ್ತಕ್ಕೆ ಹತ್ತೂ ನಿಮ್ಮ ಗಿಡುಗದ ಪಕ್ಕದವರೇ ಕೋಲು ಹಿಡಿಯೋರು. ನಮ್ಮ ಮಕ್ಕಳೇನು ಕತ್ತೆಗಳಾ? ನಿಮ್ಮ ಸ್ವಂತ ಮಕ್ಕಳು ಡೆವಿನ್, ಡ್ಯಾರೆಲ್, ಅವರೂ ಕತ್ತೆಗಳಾ? ಇದನ್ನ ನಿಮ್ಮಕ್ಕ ಹೇಳಿಕೊಟ್ಟಳಾ, ಇಲ್ಲಾ ಪ್ರಮಾಣಪತ್ರದಲ್ಲೇ ಬರೆದಿತ್ತಾ?"

ಎಲ್ಡನ್ ಬೆರಳು ಮಡಿಚಿ ಒಂದೊಂದೇ ಹೆಸರು ಎಣಿಸಿದ. ಏಳನೇ ಬೆರಳಿಗೆ ಬರುವಷ್ಟರಲ್ಲಿ ಅವನ ಮುಖದ ಬಣ್ಣ ಇಳಿಯಿತು.

"ಅತ್ತೆ, ಬಸ್ಸಲ್ಲಿ ಹಾಗೆ ಕೂತಿದ್ರು. ಅಷ್ಟೇ."

"ಇದನ್ನ ನಾನು ನಂಬಬೇಕು?"

ಸತ್ಯಕ್ಕೆ ಈ ಗತಿ ಬಂದ ಮೇಲೆ ಅವನು ಸುಳ್ಳಿನ ಮೊರೆ ಹೊಕ್ಕ. "ನಿಮ್ಮ ಹತ್ರ ಮುಚ್ಚುಮರೆ ಯಾಕೆ ಅತ್ತೆ? ಕೈಚಳಕ ಅನ್ನೋದು ತೋಳದ ಪಕ್ಕದೋರಿಗೆ ಹುಟ್ಟಿನಿಂದಲೇ ಬಂದಿದೆ. ಅದನ್ನ ನಾನು ಹೇಳಿಕೊಡೋದೇನಿದೆ? ಸ್ವಲ್ಪ ತಾಕತ್ತು ಸೇರಿಸಿದ್ರೆ ಸಾಕು ಅಂತ."

ಅಲ್ಬರ್ಟಾ ಕಾಫಿ ಪಾತ್ರೆ ಕೈಗೆತ್ತಿಕೊಂಡರು. ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು. "ಹೂಂ. ಅದೇನೋ ನಿಜ ಕಣೋ" ಎಂದರು. ಏಕವಚನ ಮರಳಿ ಬಂದದ್ದು ಕೇಳಿ ಎಲ್ಡನ್‌ಗೆ ಹೋದ ಜೀವ ಬಂದಂತಾಯಿತು.

ಎಂಟೂವರೆಗೆ ಪೆಟ್ರೋಲ್ ಬಂಕಿನ ಮುಂದೆ ಅವನ ಅಕ್ಕ ಜೆರಾಲ್ಡಿನ್ ನಡುರಸ್ತೆಯಲ್ಲಿ ಕೈಕಟ್ಟಿ ನಿಂತಿದ್ದಳು. ಬಂಕಿನ ಗಲ್ಲಾದಲ್ಲಿ ಕೂರುವವಳು ಅವಳೇ. ಊರಿನ ಸುದ್ದಿಯೆಲ್ಲ ಪೆಟ್ರೋಲಿಗಿಂತ ಮುಂಚೆ ಅವಳಲ್ಲಿ ತುಂಬಿಕೊಳ್ಳುತ್ತಿತ್ತು. ಎಲ್ಡನ್ ಬ್ರೇಕು ಒತ್ತಿ ಕಿಟಕಿ ಇಳಿಸಿದ.

"ಲೋ ಎಲ್ಡನ್! ಕೆಳಗಿಳಿ."

"ಅಕ್ಕಾ, ಬಸ್ಸಲ್ಲಿ ಮಕ್ಕಳಿದ್ದಾರೆ."

"ಇರ್ಲಿ, ಅವರೂ ಕೇಳಲಿ. ನಮ್ಮ ಗಿಡುಗದ ಹುಡುಗರ ಕೈಲಿ ಒಂದು ಮೂಟೆ ಎತ್ತೋಕೂ ಆಗಲ್ಲ ಅಂತ ತೀರ್ಮಾನ ಮಾಡಿದ್ಯಂತೆ? ನಿನ್ನನ್ನ ಸೊಂಟದ ಮೇಲೆ ಹೊತ್ತು ತಿರುಗಿದೋಳು ನಾನು. ಅದು ಯಾವ ತಾಕತ್ತಲ್ಲಿ ಅನ್ಕೊಂಡೆ? ಅತ್ತೆಮನೆ ಸೂಪು ಕುಡಿದೂ ಕುಡಿದೂ ಹುಟ್ಟಿದ ಕುಲ ಮರ್ತೋಯ್ತಾ?"

ಅತ್ತ ದರಿ ಇತ್ತ ಪುಲಿ ಎನ್ನುವುದು ಇದಕ್ಕೇ. ಆದರೆ ಬೆಳಿಗ್ಗೆ ಒಂದು ಮಂತ್ರ ಫಲಿಸಿತ್ತು. ಎಲ್ಡನ್ ಅದನ್ನೇ ತಿರುವಿಹಾಕಿದ. "ಅಯ್ಯೋ ಅಕ್ಕಾ, ನಮ್ಮೋರು ಹುಟ್ಟಾ ಬಲಶಾಲಿಗಳು. ಅವರಿಗ್ಯಾಕೆ ಮೂಟೆ? ಸ್ವಲ್ಪ ಕೈಚಳಕ ಸೇರಿಸಿದ್ರೆ ಸಾಕು ಅಂತ."

ಜೆರಾಲ್ಡಿನ್‌ಳ ಕಟ್ಟಿದ ಕೈ ಸಡಿಲವಾಯಿತು. "ಅದು ಹೌದು. ಅಪ್ಪ ಒಬ್ಬನೇ ದೋಣಿ ಹೊತ್ಕೊಂಡು ಬರ್ತಿದ್ದ." ದಾರಿ ಬಿಟ್ಟಳು. ಮೂವತ್ತೆಂಟು ಮಕ್ಕಳು ಕಿವಿ ನಿಮಿರಿಸಿ ಇದನ್ನು ಕೇಳಿಸಿಕೊಂಡಿದ್ದರು.

ಹೊಗಳಿಕೆಗೆ ಒಂದು ಕೆಟ್ಟ ಗುಣವಿದೆ. ಅದು ಹೊಗಳಿಸಿಕೊಂಡವರ ಮನೆಯಲ್ಲಿ ನಿಲ್ಲುವುದಿಲ್ಲ, ಪಕ್ಕದ ಮನೆಗೆ ಹೋಗಿ ಬೈಗುಳವಾಗಿ ಕೂರುತ್ತದೆ. ಸಂಜೆಯೊಳಗೆ ಗಿಡುಗದವರು ಹುಟ್ಟಾ ಬಲಶಾಲಿಗಳೆಂಬ ಮಾತು ಅಲ್ಬರ್ಟಾ ಅವರಿಗೂ, ತೋಳದವರಿಗೆ ಕೈಚಳಕ ಹುಟ್ಟಿನಿಂದ ಬಂದಿದೆಯೆಂಬ ಮಾತು ಜೆರಾಲ್ಡಿನ್‌ಗೂ ತಲುಪಿತು. ಇಬ್ಬರೂ ಎಲ್ಡನ್‌ಗೆ ಒಂದು ಮಾತೂ ಹೇಳಲಿಲ್ಲ. ಆ ಮೌನವನ್ನು ಅವನು ಶಾಂತಿ ಎಂದು ತಿಳಿದ.

ಬುಧವಾರದಿಂದ ಅಲ್ಬರ್ಟಾ ತಮ್ಮ ಪಕ್ಕದ ಹತ್ತು ಹುಡುಗರನ್ನು, ಮೂಟೆ ಹೊತ್ತು ಬಂದ ಕೂಡಲೇ, ತಮ್ಮ ಅಣ್ಣ ಫ್ಲಾಯ್ಡ್ ಅವರ ಕೊಟ್ಟಿಗೆಗೆ ಸಾಗಿಸತೊಡಗಿದರು. ಫ್ಲಾಯ್ಡ್‌ಗೆ ಎಪ್ಪತ್ತಾರು. ಹಿಕರಿ ಮರವನ್ನು ಹಬೆಯಲ್ಲಿ ಬಗ್ಗಿಸಿ ಲಕ್ರಾಸ್ ಕೋಲು ಮಾಡುವವರು. ಕೊಟ್ಟಿಗೆಯ ಹಿಂಗೋಡೆಗೆ ಹುಡುಗರು ಕೋಲಿನ ಜಾಳಿಗೆಯಿಂದ ಚೆಂಡು ಬೀಸಿ, ತಿರುಗಿ ಬಂದದ್ದನ್ನು ಜಾಳಿಗೆಯಲ್ಲೇ ಹಿಡಿಯಬೇಕು. ಒಬ್ಬೊಬ್ಬರೂ ಇನ್ನೂರು ಸಲ. ಅಲ್ಬರ್ಟಾ ಕುರ್ಚಿ ಹಾಕಿಕೊಂಡು ಎಣಿಸಿದರು. ಎಣಿಕೆ ತಪ್ಪಿದರೆ ಮೊದಲಿನಿಂದ.

"ಅಲ್ಬರ್ಟಾ," ಎಂದರು ಫ್ಲಾಯ್ಡ್, "ಮೂಟೆ ಹೊತ್ತು ಸೋತ ಕೈಗೆ ಕೋಲು ಕೊಟ್ಟರೆ ಕೈ ಕೆಟ್ಟ ಚಾಳಿ ಕಲಿಯುತ್ತಮ್ಮ. ಕೈ ತಾಜಾ ಇದ್ದಾಗ ಕೋಲು. ಆಮೇಲೆ ಬೇಕಾದ್ರೆ ಒಂದಿಷ್ಟು ಭಾರ, ಅದೂ ದಿನಾ ಅಲ್ಲ. ಆಮೇಲೆ ನಿದ್ದೆ. ಇವು ಇನ್ನೂ ಬೆಳೆಯೋ ಮೂಳೆ."

"ನೀನು ಮರ ಬಗ್ಗಿಸಣ್ಣ. ಹುಡುಗರನ್ನ ನಾನು ನೋಡ್ಕೋತೀನಿ."

ಅದೇ ಹೊತ್ತಿಗೆ ಪೆಟ್ರೋಲ್ ಬಂಕಿನ ಹಿತ್ತಲಿನಲ್ಲಿ ಗಿಡುಗದ ಪಕ್ಕದ ಹತ್ತು ಹುಡುಗರು, ಸಂಜೆಯಿಡೀ ಕೋಲು ಬೀಸಿ ಬಂದವರು, ಲಾರಿಯ ಹಳೆಯ ಟೈರುಗಳನ್ನು ತಲೆಯ ಮೇಲೆತ್ತಿ ಬೇಲಿಯವರೆಗೆ ಹೋಗಿ ಬರುತ್ತಿದ್ದರು. ಜೆರಾಲ್ಡಿನ್ ಟಾರ್ಚು ಹಿಡಿದು ಬೆನ್ನ ಹಿಂದೆಯೇ ನಡೆಯುತ್ತಿದ್ದಳು. ಎರಡೂ ಕಡೆಯವರು ಇದನ್ನು ಗುಟ್ಟಾಗಿ ಇಟ್ಟಿದ್ದರು. ಆ ಗುಟ್ಟು ಇಡೀ ಊರಿಗೆ ಗೊತ್ತಿತ್ತು, ಎಲ್ಡನ್ ಒಬ್ಬನನ್ನು ಬಿಟ್ಟು.

ಅವನಿಗೆ ಗೊತ್ತಾದದ್ದು ಬೇರೆ. ಎರಡನೇ ವಾರದ ಹೊತ್ತಿಗೆ ಹುಡುಗರು ಎಸೆದ ಚೆಂಡು ಅವರ ಕಾಲಬುಡದಲ್ಲೇ ಬೀಳತೊಡಗಿತು. ಹಿಡಿಯಹೋದರೆ ಜಾಳಿಗೆ ಒಂದು ಕಡೆ, ಚೆಂಡು ಒಂದು ಕಡೆ. ಇನ್ನು ಹತ್ತು ದಿನಕ್ಕೆ ನೆರೆಯ ಅಲೆಗನಿ ಸೀಮೆಯ ಹುಡುಗರ ಜೊತೆ ಪಂದ್ಯ, ಹೋದ ವರ್ಷ ಅವರೆದುರು ಹನ್ನೆರಡು ಗೋಲಿನಿಂದ ಸೋತಿದ್ದರು. ಎಲ್ಡನ್ ಶಿಬಿರದಲ್ಲಿ ಕೊಟ್ಟಿದ್ದ ಪುಸ್ತಕ ತೆಗೆದು ದೀರ್ಘವಾಗಿ ಆಲೋಚಿಸಿದ. ಮೂಟೆ ಹೊರುವವರು ಸುಸ್ತಾಗಿದ್ದಾರೆ, ಅಂದರೆ ಬಲ ಸಾಲದು, ಮೂಟೆ ಹೆಚ್ಚಿಸಬೇಕು. ಕೋಲು ಹಿಡಿದವರು ಚೆಂಡು ಬೀಳಿಸುತ್ತಿದ್ದಾರೆ, ಅಂದರೆ ಚಳಕ ಸಾಲದು, ಅಭ್ಯಾಸ ಹೆಚ್ಚಿಸಬೇಕು. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಎರಡನ್ನೂ ಹೆಚ್ಚಿಸಿದ.

ಮೂರನೇ ವಾರದ ಮಂಗಳವಾರ ಶಾಲೆಯ ಮುಖ್ಯೋಪಾಧ್ಯಾಯಿನಿ ಕೋವಲ್ಸ್ಕಿ ಅವನನ್ನು ಕಚೇರಿಗೆ ಕರೆಸಿದರು. ಶಾಲೆಯ ದಾದಿಯೂ ಪಕ್ಕದಲ್ಲಿದ್ದಳು.

"ಮಿಸ್ಟರ್ ಜಿಮರ್ಸನ್, ನಿಮ್ಮ ತಂಡದ ಇಪ್ಪತ್ತು ಹುಡುಗರೂ ತರಗತಿಯಲ್ಲಿ ಕೈ ಎತ್ತುತ್ತಿಲ್ಲ."

"ಉತ್ತರ ಗೊತ್ತಿರಲ್ಲ ಮೇಡಂ. ನಾನೂ ಹಾಗೇ ಇದ್ದೆ."

"ಶೌಚಕ್ಕೆ ಹೋಗಬೇಕು ಅಂತಲೂ ಎತ್ತುತ್ತಿಲ್ಲ. ಅದರ ಪರಿಣಾಮ ಏನಾಗಿದೆ ಅಂತ ನಾನು ಬಿಡಿಸಿ ಹೇಳಬೇಕಾ?"

ಬೇಡ ಎಂದು ಎಲ್ಡನ್ ತಲೆಯಾಡಿಸಿದ.

"ಭುಜಕ್ಕೆ ಬರೋ ಯಾವುದೋ ಜ್ವರ ಇರಬಹುದು" ಎಂದಳು ದಾದಿ. "ನಿನ್ನೆ ಒಬ್ಬ ಹುಡುಗ ಹಲ್ಲಲ್ಲಿ ಕಚ್ಚಿ ಪುಸ್ತಕದ ಹಾಳೆ ತಿರುಗಿಸ್ತಿದ್ದ."

"ಮೂಟೆ ಎತ್ತೋರು ಹತ್ತೇ ಜನ ಅಂತಾರೆ" ಎಂದರು ಕೋವಲ್ಸ್ಕಿ. "ಇಪ್ಪತ್ತೂ ಜನಕ್ಕೆ ಯಾಕೆ ನೋವು?"

ಇದು ಎಲ್ಡನ್‌ಗೂ ಬಗೆಹರಿಯದ ಪ್ರಶ್ನೆ. "ತಂಡದಲ್ಲಿ ಅಷ್ಟು ಒಗ್ಗಟ್ಟಿದೆ ಮೇಡಂ" ಎಂದ.

ಬುಧವಾರ ಸಂಜೆ ಊಟದ ಮೇಜಿನಲ್ಲಿ ಅಲ್ಬರ್ಟಾ ಮೊಮ್ಮಕ್ಕಳಿಗೆ ಜೋಳದ ಸೂಪು ಬಡಿಸಿದರು. ಡೆವಿನ್ ಚಮಚ ಎತ್ತಲು ನೋಡಿದ. ಅದು ಬಟ್ಟಲ ಅಂಚಿನವರೆಗೆ ಬಂದು ನಿಂತಿತು. ಅವನು ಚಮಚ ಬಿಟ್ಟು, ಬಗ್ಗಿ, ಬಟ್ಟಲಿಗೇ ಬಾಯಿ ಹಾಕಿದ. ಅವನ ಅವಳಿ ಡ್ಯಾರೆಲ್ ಆಗಲೇ ಮುಖವನ್ನೆಲ್ಲ ಸೂಪು ಮಾಡಿಕೊಂಡಿದ್ದ.

ಅಲ್ಬರ್ಟಾ ಸೌಟು ಕೆಳಗಿಟ್ಟರು. "ಅಳಿಯಂದಿರೇ."

ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದ ಸದ್ದು. ಜೆರಾಲ್ಡಿನ್ ತನ್ನಿಬ್ಬರು ಮಕ್ಕಳನ್ನು ಮುಂದೆ ನೂಕಿಕೊಂಡು ಒಳಗೆ ಬಂದಳು. ಮಕ್ಕಳ ಕೈಗಳು ತೊಯ್ದ ಬಟ್ಟೆಯ ಹಾಗೆ ಜೋತುಬಿದ್ದಿದ್ದವು.

"ನೋಡೋ ನಿನ್ನ ಅಳಿಯಂದಿರನ್ನ! ಅಂಗಿ ಗುಂಡಿ ಹಾಕ್ಕೊಳ್ಳೋಕಾಗಲ್ಲ. ಇದೆಂಥ ತರಬೇತಿಯೋ?"

"ಅಕ್ಕಾ, ಇವರು ಮೂಟೆ ಮುಟ್ಟೇ ಇಲ್ಲ!"

"ಮೂಟೆ ಇಲ್ಲ ಮಾವ," ಎಂದ ಅವಳ ಕಿರಿಮಗ, "ಅಮ್ಮ ರಾತ್ರಿ ಲಾರಿ ಟೈರು ಹೊರಿಸ್ತಾಳೆ."

ಅಲ್ಬರ್ಟಾ ಗೆದ್ದವರಂತೆ ಜೆರಾಲ್ಡಿನ್‌ಳತ್ತ ತಿರುಗಿದರು. "ನೋಡಿದ್ರಾ! ಮಕ್ಕಳ ಮೇಲೆ ಕರುಣೆ ಬೇಡ್ವಾ?"

"ಅಜ್ಜಿ, ನೀವೂ ದಿನಾ ಇನ್ನೂರು ಎಸೆಸ್ತೀರಲ್ಲ," ಎಂದ ಡೆವಿನ್, ಬಟ್ಟಲಿನಿಂದ ತಲೆಯೆತ್ತದೆ. "ನಿನ್ನೆ ಮುನ್ನೂರು."

ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಎಲ್ಡನ್‌ನನ್ನು ನೋಡಿದರು. ಮೂರು ವಾರದಲ್ಲಿ ಎರಡು ಪಕ್ಕಗಳೂ ಒಮ್ಮತಕ್ಕೆ ಬಂದದ್ದು ಇದೇ ಮೊದಲು.

"ಇದಕ್ಕೆಲ್ಲ ಕಾರಣ ಇವನು" ಎಂದರು ಅಲ್ಬರ್ಟಾ.

"ಇನ್ಯಾರು ಮತ್ತೆ?" ಎಂದಳು ಜೆರಾಲ್ಡಿನ್.

ಮುಂದಿನ ಹತ್ತು ನಿಮಿಷದಲ್ಲಿ ಎಲ್ಡನ್‌ನ ಚಳಿಗಾಲದ ಕೋಟು, ಮೂರು ಪ್ಯಾಂಟು, ಮೀನಿನ ಗಾಳ, ಚೌಕಟ್ಟಿನ ಸಮೇತ ಪ್ರಮಾಣಪತ್ರ, ಎರಡು ಜೊತೆ ಬೂಟು ಜಗುಲಿಗೆ ಬಂದವು. ಅತ್ತೆ ಒಳಗಿನಿಂದ ತಂದು ಕೊಟ್ಟರು, ಒಡಹುಟ್ಟಿದ ಅಕ್ಕ ಸಾಲಾಗಿ ಜೋಡಿಸಿದಳು. ಎಲ್ಡನ್ ತನ್ನ ಪೆಟ್ಟಿಗೆಯ ಮೇಲೆ ಕೂತು ನೋಡಿದ. ಹದಿನಾಲ್ಕು ವರ್ಷ ಬಾಳಿದ ಮನೆ. ಎಲ್ಲಿಗೆ ಹೋಗುವುದೆಂದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ, ಅಳು ಬಂತು.

ಒಳಗಿನಿಂದ ಅಲ್ಬರ್ಟಾ ಅವರ ದನಿ ಕೇಳಿಸಿತು. "ಇನ್ನೊಂದು ಉಳೀತು."

ಉಳಿದದ್ದು ಗೋಡೆಯ ಮೇಲೆ ಎತ್ತರದಲ್ಲಿದ್ದ ಮರದ ಲಕ್ರಾಸ್ ಕೋಲು. ಮದುವೆಯಲ್ಲಿ ಫ್ಲಾಯ್ಡ್ ತಾವೇ ಮಾಡಿ ಅಳಿಯನಿಗೆ ಕೊಟ್ಟದ್ದು. ಗಂಡಸರ ಮರದ ಕೋಲನ್ನು ಹೆಂಗಸರು ಮುಟ್ಟುವಂತಿಲ್ಲ, ಅದು ಅಲ್ಬರ್ಟಾ ಅವರ ಅಜ್ಜಿಯ ಅಜ್ಜಿಯ ಕಾಲದ ನೇಮ. ಹಳೆಯ ಪದ್ಧತಿಯಂತೆ ಅಳಿಯನನ್ನು ಹೊರಹಾಕುವವರು ಹಳೆಯ ನೇಮವನ್ನು ಮುರಿಯುವುದು ಹೇಗೆ?

"ಒಂದು ಸಾಮಾನು ಒಳಗುಳಿದರೂ ಹೊರಹಾಕಿದ ಲೆಕ್ಕ ಅಲ್ಲ" ಎಂದರು ಅಲ್ಬರ್ಟಾ. "ಅರೆಬರೆ ಕೆಲಸ ಈ ಮನೇಲಿಲ್ಲ. ಡೆವಿನ್, ಇಳಿಸೋ ಅದನ್ನ."

ಡೆವಿನ್ ಗೋಡೆಯ ಮುಂದೆ ನಿಂತು ಕೈ ಎತ್ತಿದ. ಅದು ಹೊಕ್ಕುಳಿನವರೆಗೆ ಬಂದು, ನಡುಗಿ, ಕೆಳಗೆ ಬಿತ್ತು. ಡ್ಯಾರೆಲ್‌ನದು ಅಷ್ಟೂ ಬರಲಿಲ್ಲ. ಜೆರಾಲ್ಡಿನ್‌ಳ ಮಕ್ಕಳು ಬೆನ್ನಿಗೆ ಬೆನ್ನು ಕೊಟ್ಟು ಒಬ್ಬರನ್ನೊಬ್ಬರು ಎತ್ತಲು ನೋಡಿ ಇಬ್ಬರೂ ಕೂತುಬಿಟ್ಟರು. ಕೊಟ್ಟಿಗೆಯಲ್ಲಿದ್ದ ಫ್ಲಾಯ್ಡ್‌ಗೆ ಹೇಳಿಕಳಿಸಿದರು. ಅವರು ಬಂದು, ನೋಡಿ, "ಕೊಟ್ಟ ಕೈ ಕಿತ್ಕೊಳ್ಳಬಾರದು" ಎಂದು ಒಂದು ಬಟ್ಟಲು ಸೂಪು ಹಾಕಿಸಿಕೊಂಡು ಕೂತರು.

"ಲೋ, ನೀನೇ ಬಂದು ಇಳಿಸು" ಎಂದಳು ಜೆರಾಲ್ಡಿನ್ ಕಿಟಕಿಯಿಂದ.

ಮೂರು ವಾರದಲ್ಲಿ ಮೊದಲ ಸಲ ಎಲ್ಡನ್‌ನ ಬುದ್ಧಿ ಸರಿಯಾಗಿ ಓಡಿತು. "ಅಕ್ಕಾ, ನನಗೂ ಭುಜ ನೋವು" ಎಂದ.

ಕೆಲಸ ಮುಗಿಸಿ ಬಂದ ರೋಂಡಾ ಜಗುಲಿಯಲ್ಲಿ ನಿಂತಳು. "ಏನಿದು?"

"ನನ್ನನ್ನ ಹೊರಗೆ ಹಾಕಿದ್ದಾರೆ. ಪೂರ್ತಿ ಅಲ್ಲ."

ಅವಳು ಒಳಗೆ ಇಣುಕಿ ಗೋಡೆ ನೋಡಿದಳು, ಮಕ್ಕಳನ್ನು ನೋಡಿದಳು, ಅಮ್ಮನ ಮುಖ ನೋಡಿದಳು. ನಗು ತಡೆದುಕೊಂಡು, ಅವನ ಬೂಟುಗಳನ್ನೆತ್ತಿ ಒಳಗಿಟ್ಟಳು. ಅಲ್ಬರ್ಟಾ ತೀರ್ಪು ಕೊಟ್ಟರು: "ಹುಡುಗರ ಕೈ ಮೇಲೇಳೋವರೆಗೆ ಇರಲಿ. ಎದ್ದ ದಿನ ಕೋಲೂ ಹೊರಗೆ, ಇವನೂ ಹೊರಗೆ."

ಅಂದಿನಿಂದ ತರಬೇತಿ ಫ್ಲಾಯ್ಡ್ ಅವರ ಕೈಗೆ ಹೋಯಿತು. ಗುರುವಾರ ಮೂಟೆಯಿಲ್ಲ, ಟೈರಿಲ್ಲ, ಇನ್ನೂರಿಲ್ಲ. ಶಾಲೆ ಬಿಟ್ಟ ಕೂಡಲೇ ಕೈ ತಾಜಾ ಇರುವಾಗ ಕಾಲು ಗಂಟೆ ಕೋಲು, ಅದೂ ತೋಳದ ಹುಡುಗನಿಗೆ ಎದುರು ಗಿಡುಗದ ಹುಡುಗ, ಮೆಲ್ಲಗೆ ಕೊಟ್ಟು ತೆಗೆದುಕೊಳ್ಳುವುದು. ಆಮೇಲೆ ಊಟ, ನಿದ್ದೆ. "ಭಾರ ಯಾವಾಗ?" ಎಂದು ಕೇಳಿದ ಎಲ್ಡನ್‌ಗೆ, "ಪಂದ್ಯ ಮುಗಿದ ಮೇಲೆ, ವಾರಕ್ಕೆ ಎರಡು ದಿನ, ಅವರವರ ಮೈಭಾರ ಅವರವರೇ ಎತ್ತಲಿ. ಈಗ ನೀನು ನೀರು ತುಂಬು" ಎಂದರು ಫ್ಲಾಯ್ಡ್.

ಎಲ್ಡನ್ ನೀರು ತುಂಬಿದ, ಚೆಂಡು ಹೆಕ್ಕಿದ, ಮತ್ತು ಕೈಗಳನ್ನು ನೋಡಿದ. ಗುರುವಾರ ಸಂಜೆ ಡೆವಿನ್‌ನ ಕೈ ಎದೆಯವರೆಗೆ ಬಂತು. ಎಲ್ಡನ್‌ಗೆ ಸಂತೋಷವಾಯಿತು, ಒಂದು ಕ್ಷಣದ ಮೇಲೆ ಆಗಲಿಲ್ಲ. ಶುಕ್ರವಾರ ಬೆಳಿಗ್ಗೆ ಡ್ಯಾರೆಲ್ ಕಿವಿ ತುರಿಸಿಕೊಂಡ. ಮಧ್ಯಾಹ್ನ ಡೆವಿನ್ ನಡುನೆತ್ತಿ ತುರಿಸಿಕೊಂಡ. ಮಗನ ತಲೆಯಲ್ಲಿ ಹೇನಿಲ್ಲದಿರಲಿ ಎಂದು ಹಾರೈಸುವ ತಂದೆಯರು ಉಂಟು, ಕೈ ಅಲ್ಲಿಗೆ ತಲುಪದಿರಲಿ ಎಂದು ಹಾರೈಸಿದವನು ಇವನೊಬ್ಬನೇ ಇರಬೇಕು.

ಶುಕ್ರವಾರ ಸಂಜೆ ಅಂಗಣದ ಹಿಂದಿನ ಕೋಣೆಯಲ್ಲಿ ಅವನು ಹತ್ತು ಮೂಟೆಗಳ ಮುಂದೆ ಒಬ್ಬನೇ ನಿಂತಿದ್ದ. ಮಕ್ಕಳಿಬ್ಬರನ್ನು ಕರೆದು ಒಂದೇ ಒಂದು ಸುತ್ತು ಹೊರಿಸಿದರೆ ಸಾಕು, ಕೈ ಮತ್ತೆ ಹೊಕ್ಕುಳಿಗಿಳಿಯುತ್ತದೆ, ಮನೆ ಉಳಿಯುತ್ತದೆ. ನಾಳೆಯ ಪಂದ್ಯ ಮಾತ್ರ ಹೋಗುತ್ತದೆ. ಹೊರಗೆ ಇಪ್ಪತ್ತು ಹುಡುಗರು ನಗುತ್ತಾ ಚೆಂಡು ಕೊಟ್ಟು ತೆಗೆದುಕೊಳ್ಳುವ ಸದ್ದು ಕೇಳಿಸುತ್ತಿತ್ತು, ಮೂರು ವಾರದಿಂದ ಕೇಳಿರದ ಸದ್ದು. ಆ ಹುಡುಗರೆಂದರೆ ಅವನಿಗೆ ಪ್ರಾಣ. ಜೇಬಿನಿಂದ ಚಾಕು ತೆಗೆದು ಹತ್ತೂ ಮೂಟೆಗಳನ್ನು ಸೀಳಿ, ಮರಳನ್ನು ಹಿತ್ತಲಿಗೆ ಸುರಿದ. ಕೊನೆಯ ಮೂಟೆಯ ಹೊತ್ತಿಗೆ ಅವನ ಭುಜ ನಿಜವಾಗಿಯೂ ನೋಯತೊಡಗಿತ್ತು.

ಶನಿವಾರ ಅಲೆಗನಿಯ ಹುಡುಗರು ಬಂದರು. ಅಂಗಣದ ಒಂದು ಬದಿಯ ಮೆಟ್ಟಿಲುಗಳಲ್ಲಿ ತೋಳದ ಪಕ್ಕದ ಹೆಂಗಸರು, ಎದುರಿಗೆ ಗಿಡುಗದ ಪಕ್ಕದವರು. ಯಾರ ಮಗ ಚೆಂಡು ಹಿಡಿದರೂ ಎರಡೂ ಕಡೆಯಿಂದ ಕೂಗು. ಅರ್ಧ ಆಟದ ಹೊತ್ತಿಗೆ ನಾಲ್ಕು ನಾಲ್ಕು. ಕೊನೆಯ ನಿಮಿಷದಲ್ಲಿ ಏಳು ಏಳು. ಜೆರಾಲ್ಡಿನ್‌ಳ ಕಿರಿಮಗ ಮೂಲೆಯಲ್ಲಿ ಇಬ್ಬರ ನಡುವೆ ಸಿಕ್ಕಿಬಿದ್ದು, ಬೆನ್ನ ಹಿಂದಿನಿಂದ ಚೆಂಡು ಹಾರಿಸಿದ. ಡೆವಿನ್ ಓಡುತ್ತಲೇ ಅದನ್ನು ಜಾಳಿಗೆಯಲ್ಲಿ ಹಿಡಿದು, ಒಂದೇ ಬೀಸಿನಲ್ಲಿ ಗೋಲು ಕಾಯುವವನ ಮೊಣಕಾಲ ಪಕ್ಕದಿಂದ ಒಳಗೆ ಕಳಿಸಿದ.

ಅಂಗಣವೇ ಎದ್ದು ನಿಂತಿತು. ಡೆವಿನ್ ಎರಡೂ ಕೈಗಳನ್ನು ನೆಟ್ಟಗೆ ಆಕಾಶಕ್ಕೆತ್ತಿದ. ಡ್ಯಾರೆಲ್ ಓಡಿಬಂದು ತಾನೂ ಎತ್ತಿದ. ಎಲ್ಡನ್ ನೀರಿನ ಬಾಟಲಿ ಎಸೆದು ಕುಣಿದ, ಕಿರುಚಿದ, ಫ್ಲಾಯ್ಡ್ ಅವರನ್ನು ತಬ್ಬಿದ. ಆಮೇಲೆ ಎದುರಿನ ಮೆಟ್ಟಿಲ ಕಡೆ ಕಣ್ಣು ಹೋಯಿತು. ಎಲ್ಲರೂ ಗೋಲಿನ ಫಲಕ ನೋಡುತ್ತಿದ್ದರು. ಅಲ್ಬರ್ಟಾ ಒಬ್ಬರು ಮಾತ್ರ ಮೊಮ್ಮಕ್ಕಳ ಕೈಗಳನ್ನು ನೋಡುತ್ತಿದ್ದರು.

ಮನೆಯಲ್ಲಿ ಸೂಪಿನ ಪಾತ್ರೆ ಒಲೆಯ ಮೇಲಿತ್ತು. ಎಲ್ಡನ್ ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತ. ರೋಂಡಾ ಅವನ ತೋಳು ಹಿಡಿದುಕೊಂಡಳು, ಈ ಸಲ ಅವಳು ನಗಲಿಲ್ಲ.

"ಡೆವಿನ್, ಡ್ಯಾರೆಲ್, ಬನ್ನಿ ಇಲ್ಲಿ" ಎಂದರು ಅಲ್ಬರ್ಟಾ. "ಕೋಲು ಇಳಿಸಿ."

ಹುಡುಗರು ಗೋಡೆ ನೋಡಿದರು. ಹೊಸ್ತಿಲಲ್ಲಿದ್ದ ಅಪ್ಪನನ್ನು ನೋಡಿದರು. ಡೆವಿನ್ ಮುಂದೆ ಬಂದು, ಉಸಿರು ಬಿಗಿಹಿಡಿದು, ಬಲು ಕಷ್ಟದಿಂದ ಕೈ ಎತ್ತಿದ. ಅದು ಹೊಕ್ಕುಳಿನವರೆಗೆ ಬಂದು ನಿಂತಿತು.

"ಅಯ್ಯೋ ಅಜ್ಜಿ. ಆಗ್ತಿಲ್ಲ."

"ನನಗೂ" ಎಂದ ಡ್ಯಾರೆಲ್, ಕೈ ಎತ್ತಿಯೂ ನೋಡದೆ.

"ಒಂದು ಗಂಟೆ ಹಿಂದೆ ಆಕಾಶ ಮುಟ್ಟಿಸ್ತಿದ್ರಲ್ಲೋ?"

"ಅದಕ್ಕೇ ಅಜ್ಜಿ ಈಗ ಇಷ್ಟು ನೋವು."

ಅಲ್ಬರ್ಟಾ ಇಬ್ಬರನ್ನೂ ದಿಟ್ಟಿಸಿದರು. ಆಮೇಲೆ ಮೇಜಿನ ಮೇಲೆ ಬಟ್ಟಲುಗಳನ್ನಿಟ್ಟರು, ಒಂದು, ಎರಡು, ಮೂರು, ನಾಲ್ಕು. ಸ್ವಲ್ಪ ತಡೆದು ಐದನೆಯದನ್ನೂ ಇಟ್ಟರು. "ಬಾಗಿಲು ಹಾಕಿ ಒಳಗೆ ಬಾರೋ, ಚಳಿ ಬರುತ್ತೆ" ಎಂದರು.

ಇದಾಗಿ ಐದು ವರ್ಷ. ಅವಳಿಗಳು ಈಗ ಅಪ್ಪನಿಗಿಂತ ಒಂದು ಗೇಣು ಎತ್ತರ, ಅವರ ಭುಜಬಲವನ್ನು ನೋಡಲೆಂದೇ ದೂರದೂರದ ಕಾಲೇಜಿನವರು ಬರುತ್ತಾರೆ. ಎಲ್ಡನ್ ಏನಾದರೂ ಎಡವಟ್ಟು ಮಾಡಿದಾಗಲೆಲ್ಲ, ಅಂದರೆ ವರ್ಷಕ್ಕೆ ನಾಲ್ಕೈದು ಸಲ, ಅಲ್ಬರ್ಟಾ ಮೊಮ್ಮಕ್ಕಳನ್ನು ಕರೆದು ಕೋಲು ಇಳಿಸಲು ಹೇಳುತ್ತಾರೆ. ಕೈ ಹೊಕ್ಕುಳಿನಿಂದ ಮೇಲೇಳುವುದಿಲ್ಲ. ಇಂಥ ವಾಸಿಯಾಗದ ನೋವು ತಮ್ಮ ಮೊಮ್ಮಕ್ಕಳಿಗೆ ಮಾತ್ರ ಬರುವುದು ಎಂದು ಅವರು ಸಿಕ್ಕಿದವರಿಗೆಲ್ಲ ಹೇಳುತ್ತಾರೆ, ಅದೂ ಬಹಳ ಹೆಮ್ಮೆಯಿಂದ.